ತೂಕ ಏರಿದೆ, ಸಾಮರ್ಥ್ಯ ಇಲ್ಲ: ಗ್ರಾಫ್ಟ್ ಮಾಡಿದ ಅಯಾನ್ ವಿನಿಮಯ ನಾರಿನಲ್ಲಿ ದೋಷ ಹುಡುಕುವುದು ಹೇಗೆ

ಗ್ರಾಫ್ಟಿಂಗ್ ಆಯಿತು. ಬಟ್ಟೆಯ ತೂಕ ಚೆನ್ನಾಗಿ ಏರಿತು. ಎಲ್ಲರೂ ಚಹಾ ಕುಡಿದು ಖುಷಿಪಟ್ಟೆವು. ಮರುದಿನ ಟೈಟ್ರೇಷನ್ ಮಾಡಿ, ಅಂದರೆ ಹನಿಹನಿ ದ್ರಾವಣ ಬಿಟ್ಟು ಅಳೆದು ನೋಡಿದರೆ, ಅಯಾನ್ ಹಿಡಿಯುವ ಸಾಮರ್ಥ್ಯ ಬರಬೇಕಾದದ್ದರ ಕಾಲುಭಾಗವೂ ಬರಲಿಲ್ಲ. ಈ ಕೆಲಸಕ್ಕೆ ಕೈ ಹಾಕಿದವರಿಗೆ ಇದು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ವಿಜಯಪುರದ ನಮ್ಮ ಪುಟ್ಟ ಲ್ಯಾಬಿನಲ್ಲಿ ಎರಡು ಬೇಸಿಗೆ ಇದರ ಬೆನ್ನು ಹತ್ತಿ ಕಳೆದಿದ್ದೇವೆ. ಎಡವಿದ ಜಾಗಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ, ನೀವಾದರೂ ಅಲ್ಲೇ ಎಡವುವುದು ಬೇಡ.

ಮೊದಲು ನಾವು ಮಾಡುವುದೇನು ಅಂತ ಹೇಳಿಬಿಡುತ್ತೇನೆ. ಅಯಾನ್ ವಿನಿಮಯ ನಾರು ಅಂದರೆ ನೀರಿನಲ್ಲಿರುವ ಲೋಹದ ಅಯಾನ್ ಹಿಡಿದು, ಬದಲಿಗೆ ತನ್ನ ಹೈಡ್ರೋಜನ್ ಬಿಡುವ ನಾರು. ಪಾಲಿಪ್ರೊಪಿಲೀನ್ ನಾನ್‌ವೋವನ್ ಬಟ್ಟೆ ತೆಗೆದುಕೊಂಡು, ಹೊರಗಿನ ಕೇಂದ್ರಕ್ಕೆ ಕಳಿಸಿ, ಗಾಳಿಯಲ್ಲೇ ಗಾಮಾ ವಿಕಿರಣ ಕೊಡಿಸುತ್ತೇವೆ. ಆಗ ನಾರಿನ ಮೇಲೆ ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಆ ಬಟ್ಟೆಯನ್ನು ನೀರು ಬೆರೆಸಿದ ಅಕ್ರಿಲಿಕ್ ಆಮ್ಲದಲ್ಲಿ ಮುಳುಗಿಸಿ, ನೈಟ್ರೋಜನ್ ಹಾಯಿಸಿ, 70 ಡಿಗ್ರಿಗೆ ಬಿಸಿ ಮಾಡಿದರೆ ಪೆರಾಕ್ಸೈಡ್ ಒಡೆದು ಆ ಜಾಗದಿಂದ ಪಾಲಿಅಕ್ರಿಲಿಕ್ ಆಮ್ಲದ ಸರಪಳಿ ಚಿಗುರುತ್ತದೆ. ಇದೇ ಗ್ರಾಫ್ಟಿಂಗ್, ಅಂದರೆ ಕಸಿ. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಡಾಗ್‌ರಿಡ್ಜ್ ಬೇರು ಸವಳು ತಡೆಯುತ್ತದೆ, ಮೇಲೆ ಕಸಿ ಕಟ್ಟಿದ ಥಾಮ್ಸನ್ ಹಣ್ಣು ಕೊಡುತ್ತದೆ. ಇಲ್ಲಿ ಗಟ್ಟಿತನ ಪಾಲಿಪ್ರೊಪಿಲೀನಿನದು, ಕ್ಯಾಲ್ಸಿಯಂ, ತಾಮ್ರ ಹಿಡಿಯುವ ಕೆಲಸ ಮೇಲಿನ ಕಸಿಯದು. ಸಮುದ್ರದ ನೀರಿನಿಂದ ಯುರೇನಿಯಂ ಹಿಡಿಯಲು ಜಪಾನಿನವರು ಮಾಡಿದ ಬಟ್ಟೆಯೂ ಇದೇ ಜಾತಿಯದು, ಅವರು ಕಟ್ಟಿದ ಕಸಿ ಮಾತ್ರ ಬೇರೆ.

ಎರಡು ಅಂಕಿಗಳನ್ನು ಎದುರುಬದುರು ಕೂರಿಸಿ

ದೋಷ ಹುಡುಕಲು ಹೊರಟವರು ಮೊದಲು ಕೆಮಿಸ್ಟ್ರಿ ಮೇಲೆ ಅನುಮಾನ ಪಡುತ್ತಾರೆ. ನಾವೂ ಪಟ್ಟೆವು. ಅದಕ್ಕಿಂತ ಮುಂಚೆ ಪೆನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡಿ. ಅಕ್ರಿಲಿಕ್ ಆಮ್ಲದ ಅಣುತೂಕ 72.06. ಅಂದರೆ ಏರಿದ ಪ್ರತಿ 72 ಮಿಲಿಗ್ರಾಂ ತೂಕಕ್ಕೆ 1 ಮಿಲಿ ಈಕ್ವಿವಲೆಂಟ್ (ಅಯಾನ್ ಹಿಡಿಯುವ ಜಾಗಗಳನ್ನು ಎಣಿಸುವ ಅಳತೆ) ಸಾಮರ್ಥ್ಯ ಸಿಗಬೇಕು. 1 ಗ್ರಾಂ ಬಟ್ಟೆ 1.5 ಗ್ರಾಂ ಆದರೆ ಗ್ರಾಫ್ಟಿಂಗ್ ಶೇಕಡ 50. ಆ 1.5 ಗ್ರಾಂನಲ್ಲಿ 6.94 ಮಿಲಿ ಈಕ್ವಿವಲೆಂಟ್, ಅಂದರೆ ಗ್ರಾಂಗೆ 4.63. ಇದೇ ಲೆಕ್ಕದಲ್ಲಿ ಶೇಕಡ 30ಕ್ಕೆ 3.2, ಶೇಕಡ 100ಕ್ಕೆ 6.9.

ಈಗ ಟೈಟ್ರೇಷನ್‌ನಲ್ಲಿ ಬಂದ ಅಂಕಿಯನ್ನು ಇದರ ಪಕ್ಕ ಇಡಿ. ಎರಡೂ ಹತ್ತಿರ ಇವೆ, ಆದರೆ ಎರಡೂ ಕಡಿಮೆ ಅಂದರೆ ದೋಷ ಗ್ರಾಫ್ಟಿಂಗ್‌ನಲ್ಲಿದೆ, ಸೀದಾ ಆ ಭಾಗಕ್ಕೆ ಹೋಗಿ. ತೂಕ ಜಾಸ್ತಿ, ಸಾಮರ್ಥ್ಯ ಕಡಿಮೆ ಅಂದರೆ ತೊಳೆಯುವುದರಲ್ಲೋ, ಒಣಗಿಸುವುದರಲ್ಲೋ, ನೀರಿನಲ್ಲೋ ಏನೋ ಆಗಿದೆ. ಸಾಮರ್ಥ್ಯ ಲೆಕ್ಕಕ್ಕಿಂತ ಜಾಸ್ತಿ ಬಂತು ಅಂದರೆ ಖುಷಿಪಡಬೇಡಿ. ಟೈಟ್ರೇಷನ್ ತಪ್ಪಿದೆ.

ನಮ್ಮ ಮರ್ಯಾದೆ ಹೋದ ಕಥೆ

ಏಪ್ರಿಲ್ ತಿಂಗಳು. ಒಂದು ಬ್ಯಾಚ್‌ನಲ್ಲಿ ತೂಕ ಶೇಕಡ 60 ಏರಿತು. ಲೆಕ್ಕದ ಪ್ರಕಾರ ಗ್ರಾಂಗೆ 5.2 ಬರಬೇಕು. ಬಂದದ್ದು 0.9. ಕಾಸ್ಟಿಕ್ ಸೋಡಾ ದ್ರಾವಣ ಹಳತಾಗಿದೆ ಅಂದುಕೊಂಡು ಹೊಸದು ಮಾಡಿದೆವು, ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಇಟ್ಟು ಸ್ಟ್ಯಾಂಡರ್ಡೈಸ್ ಮಾಡಿದೆವು, ಮತ್ತೆ 0.9. ಬ್ಯೂರೆಟ್ ಬದಲಾಯಿಸಿದೆವು. ಅದೇ. ಕೊನೆಗೆ ವಿಕಿರಣ ಕೊಟ್ಟವರ ಮೇಲೆ ಗೂಬೆ ಕೂರಿಸಿ ಒಂದು ಖಾರವಾದ ಮೇಲ್ ಕೂಡ ಬರೆದೆ, ದೇವರ ದಯೆ, ಕಳಿಸಲಿಲ್ಲ.

ಒಂದು ಚೂರನ್ನು ಇನ್ಫ್ರಾರೆಡ್ ಬೆಳಕಿನ ಪರೀಕ್ಷೆಗೆ, ಅಂದರೆ ಎಫ್‌ಟಿಐಆರ್‌ಗೆ ಧಾರವಾಡಕ್ಕೆ ಕಳಿಸಿದೆವು. ಅಕ್ರಿಲಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪು ಆಮ್ಲರೂಪದಲ್ಲೇ ಇದ್ದರೆ 1710ರ ಆಸುಪಾಸಿನಲ್ಲಿ ದೊಡ್ಡ ಪೀಕ್ ಬರಬೇಕು. ಅಲ್ಲಿ ಸಣ್ಣದೊಂದು ಗುಡ್ಡ ಮಾತ್ರ ಇತ್ತು. ದೊಡ್ಡ ಪೀಕ್ 1550ರ ಹತ್ತಿರ. ಅಂದರೆ ಆಮ್ಲ ಎಲ್ಲ ಲವಣವಾಗಿ ಕೂತಿದೆ. ಯಾವ ಲೋಹದ ಲವಣ? ಎಲ್ಲಿಂದ ಬಂತು?

ಆಗ ನಮ್ಮ ಹುಡುಗ ಬಾಯಿಬಿಟ್ಟ. ‘ಡಿಸ್ಟಿಲ್ಡ್ ನೀರು ಮುಗದಿತ್ರಿ ಸರ್, ನಳದ ನೀರ ಬಿಟ್ಟು ರಾತ್ರಿ ಪೂರಾ ಚೊಲೋ ತೊಳದೇನ್ರಿ.’ ಬೈಯುವ ಹಾಗಿಲ್ಲ, ಪಾಪ, ಅವನು ಜಾಸ್ತಿ ಶ್ರದ್ಧೆಯಿಂದಲೇ ತೊಳೆದಿದ್ದ. ನಳಕ್ಕೆ ಬರುವುದು ಬೋರ್ ನೀರು. ಡಿಸ್ಟಿಲ್ಡ್ ನೀರು ಮುಗಿದದ್ದೂ ಅದೇ ಬೋರ್ ನೀರಿನ ದೆಸೆಯಿಂದ, ಯಂತ್ರದ ಹೀಟರ್ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು.

ಲೆಕ್ಕ ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. 600 ಅಂತಲೇ ಇಟ್ಟುಕೊಂಡರೆ ಲೀಟರಿಗೆ 12 ಮಿಲಿ ಈಕ್ವಿವಲೆಂಟ್ ಆಯಿತು. 5 ಗ್ರಾಂ ನಾರಿನಲ್ಲಿ ಇರುವುದೇ ಸುಮಾರು 23. ಅಂದರೆ ಎರಡೇ ಲೀಟರ್ ನೀರಿನಲ್ಲಿ ನಾರನ್ನು ಪೂರ್ತಿ ತುಂಬುವಷ್ಟು ಸರಕು ಇದೆ. ದುರ್ಬಲ ಆಮ್ಲದ ನಾರು ತಟಸ್ಥ ನೀರಿನಲ್ಲಿ ಅಷ್ಟು ಸುಲಭವಾಗಿ ಹೈಡ್ರೋಜನ್ ಬಿಡುವುದಿಲ್ಲ ನಿಜ, ಆದರೆ ನಮ್ಮ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ದಂಡಿಯಾಗಿದೆ, ಅದು ಹೈಡ್ರೋಜನ್ ಹಿಡಿದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ, ಖಾಲಿಯಾದ ಜಾಗದಲ್ಲಿ ಕ್ಯಾಲ್ಸಿಯಂ ಬಂದು ಕೂರುತ್ತದೆ. ನಾರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನಾವು ಪರೀಕ್ಷೆ ಮಾಡುವ ಮುಂಚೆಯೇ ಮಾಡಿ ಮುಗಿಸಿತ್ತು ಅಷ್ಟೇ.

ತೂಕದ ಮೋಸವೂ ಇಲ್ಲೇ ಬಿಡಿಸಿಕೊಂಡಿತು. ಒಂದು ಹೈಡ್ರೋಜನ್ ಹೋಗಿ ಅರ್ಧ ಕ್ಯಾಲ್ಸಿಯಂ ಬಂದರೆ ಪ್ರತಿ ಈಕ್ವಿವಲೆಂಟ್‌ಗೆ 19 ಗ್ರಾಂ ಭಾರ ಜಾಸ್ತಿ. ನಿಜವಾಗಿ ಶೇಕಡ 50 ಗ್ರಾಫ್ಟ್ ಆದ ಬಟ್ಟೆ ಪೂರ್ತಿ ಕ್ಯಾಲ್ಸಿಯಂ ತುಂಬಿಕೊಂಡರೆ ಶೇಕಡ 63ರಂತೆ ಕಾಣುತ್ತದೆ. ಸೋಡಿಯಂ ತುಂಬಿದ್ದರೆ ಶೇಕಡ 65. ನಮ್ಮದರಲ್ಲಿ ಸ್ವಲ್ಪ ಹೈಡ್ರೋಜನ್ ಉಳಿದಿತ್ತು, ಹಾಗಾಗಿ 60. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೂರು ಸಲ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ತೂಕ 50ಕ್ಕೆ ಇಳಿಯಿತು, ಸಾಮರ್ಥ್ಯ 4.5ಕ್ಕೆ ಏರಿತು.

ಇದನ್ನು ಪತ್ತೆ ಮಾಡಲು ಎಫ್‌ಟಿಐಆರ್ ಬೇಕಾಗಿಯೇ ಇಲ್ಲ. ನಾರು ನೆನೆಸಿದ ಆ ಆಮ್ಲವನ್ನು ಚೆಲ್ಲಬೇಡಿ. ಸ್ವಲ್ಪ ತೆಗೆದು ಅಮೋನಿಯಾ ಹಾಕಿ ತಟಸ್ಥ ಮಾಡಿ, ಅಮೋನಿಯಂ ಆಕ್ಸಲೇಟ್ ನಾಲ್ಕು ಹನಿ ಬಿಡಿ. ಹಾಲಿನ ಹಾಗೆ ಬೆಳ್ಳಗೆ ಒಡೆದರೆ ಕ್ಯಾಲ್ಸಿಯಂ ಇದೆ. ಹತ್ತು ನಿಮಿಷದ ಕೆಲಸ. ಇದು ಗೊತ್ತಿದ್ದೂ ನಾವು ಧಾರವಾಡಕ್ಕೆ ಕಳಿಸಿದೆವು, ಇರಲಿ.

ತೂಕ ಮೋಸ ಮಾಡುವ ಬೇರೆ ದಾರಿಗಳು

ನಾರಿಗೆ ಅಂಟದೆ ದ್ರಾವಣದಲ್ಲೇ ಬೆಳೆದ ಪಾಲಿಮರ್ ಎಳೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ತೊಳೆಯದೆ ತೂಗಿದರೆ ಅದೂ ಗ್ರಾಫ್ಟಿಂಗ್ ಲೆಕ್ಕಕ್ಕೆ ಬರುತ್ತದೆ. 60–70 ಡಿಗ್ರಿ ಬಿಸಿಯ ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ಇಟ್ಟು, ನೀರು ಬದಲಾಯಿಸುತ್ತಾ ಇರಿ. ಸಾಕಾಯಿತಾ ಅಂತ ತಿಳಿಯಲು ಕೊನೆಯ ನೀರನ್ನು ಒಂದು ವಾಚ್‌ಗ್ಲಾಸ್‌ನಲ್ಲಿ ಆರಿಸಿ ನೋಡಿ. ಗಂಜಿ ಒಣಗಿದ ಹಾಗೆ ಪೊರೆ ಉಳಿದರೆ ಇನ್ನೂ ತೊಳೆಯಬೇಕು.

ತೇವ ಇನ್ನೊಂದು. ಪಾಲಿಪ್ರೊಪಿಲೀನ್ ನೀರು ಕುಡಿಯುವುದಿಲ್ಲ, ಗ್ರಾಫ್ಟ್ ಆದ ನಾರು ಕುಡಿಯುತ್ತದೆ, ಸೋಡಿಯಂ ರೂಪದಲ್ಲಿದ್ದರಂತೂ (ಹೈಡ್ರೋಜನ್ ಜಾಗದಲ್ಲಿ ಸೋಡಿಯಂ ಕೂತಿದ್ದರೆ) ಕೇಳಲೇಬೇಡಿ. ತಕ್ಕಡಿ ಮೇಲೆ ಇಟ್ಟು ಕಣ್ಣೆದುರೇ ಅಂಕಿ ಏರುತ್ತಿದ್ದರೆ ಅದೇ ಸಾಕ್ಷಿ. 60 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, ತಕ್ಷಣ ತೂಗಿ. ಬೇಗ ಒಣಗಲಿ ಅಂತ ಓವನ್ ಜಾಸ್ತಿ ಏರಿಸಬೇಡಿ, ಶಾಖ ಹೆಚ್ಚಾದರೆ ಎರಡು ಕಾರ್ಬಾಕ್ಸಿಲ್ ಗುಂಪು ಸೇರಿ ನೀರು ಬಿಟ್ಟು ಅನ್‌ಹೈಡ್ರೈಡ್ ಆಗುತ್ತವೆ, ವಿಕಿರಣ ತಿಂದ ಪಾಲಿಪ್ರೊಪಿಲೀನ್ ಕೂಡ ಇನ್ನಷ್ಟು ಹಾಳಾಗುತ್ತದೆ.

ಮೂರನೆಯದು ಬಟ್ಟೆಯೇ. ಚೀಲ ಹೊಲಿಯುವ ಅಗ್ಗದ ನಾನ್‌ವೋವನ್ ತಂದರೆ ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿರುವ ಸಾಧ್ಯತೆ ಬಹಳ. ಒಂದು ಗ್ರಾಂ ಬಟ್ಟೆಯನ್ನು ಕ್ರೂಸಿಬಲ್‌ನಲ್ಲಿ ಪೂರ್ತಿ ಸುಡಿ. ಶುದ್ಧ ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಏನೂ ಉಳಿಸದೆ ಉರಿದುಹೋಗುತ್ತದೆ. ಬಿಳಿ ಬೂದಿ ಉಳಿದು, ಅದರ ಮೇಲೆ ಆಮ್ಲದ ಹನಿ ಬಿಟ್ಟಾಗ ಅದು ಕರಗಿ, ತೆಗೆದ ದ್ರಾವಣ ಆಕ್ಸಲೇಟ್‌ಗೆ ಬೆಳ್ಳಗಾದರೆ ಆ ಬಟ್ಟೆಯಲ್ಲಿ ಚೀಲವನ್ನೇ ಹೊಲಿಸಿಕೊಳ್ಳಿ. ವಿಕಿರಣಕ್ಕೆ ಕಳಿಸುವ ಮುಂಚೆ ಈ ಪರೀಕ್ಷೆ ಮಾಡಿ, ಆಮೇಲೆ ಅಲ್ಲ.

ಟೈಟ್ರೇಷನ್ ತಪ್ಪುವ ಬಗೆ

ತುಂಬ ಜನ ಮಾಡುವ ತಪ್ಪು ಇದು: ಸಲ್ಫೋನಿಕ್ ನಾರಿಗೆ ಬರೆದ ವಿಧಾನವನ್ನು ಅಕ್ರಿಲಿಕ್ ನಾರಿಗೆ ಹಾಕುವುದು. ಉಪ್ಪಿನ ದ್ರಾವಣದಲ್ಲಿ ನೆನೆಸಿ, ಹೊರಬಂದ ಆಮ್ಲವನ್ನು ಅಳೆಯುವುದು ಪ್ರಬಲ ಆಮ್ಲದ ನಾರಿಗೆ ಸರಿ. ಕಾರ್ಬಾಕ್ಸಿಲ್ ಗುಂಪು ಬರೀ ಉಪ್ಪಿಗೆ ಹೈಡ್ರೋಜನ್ ಬಿಡುವುದು ಅತಿ ಕಡಿಮೆ. ಅದಕ್ಕೆ ಕ್ಷಾರವೇ ಬೇಕು.

ನಾವು ಮಾಡುವುದು ಹೀಗೆ. ಆಮ್ಲರೂಪದ ಒಣ ನಾರು 0.5 ಗ್ರಾಂ, ಶೇಕಡ 5 ಉಪ್ಪು ಹಾಕಿದ 0.1 ನಾರ್ಮಲ್ ಕಾಸ್ಟಿಕ್ ಸೋಡಾ 100 ಮಿಲಿಲೀಟರ್, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿ 24 ಗಂಟೆ, ನಡುನಡುವೆ ಕುಲುಕುವುದು. ಪಕ್ಕದಲ್ಲೇ ನಾರಿಲ್ಲದ ಇನ್ನೊಂದು ಬಾಟಲಿ. ಎರಡರಿಂದಲೂ 25 ಮಿಲಿಲೀಟರ್ ತೆಗೆದು 0.1 ನಾರ್ಮಲ್ ಆಮ್ಲದಿಂದ ಫಿನಾಫ್ತಲೀನ್ ಹಾಕಿ ಟೈಟ್ರೇಟ್ ಮಾಡಿ. ಖಾಲಿ ಬಾಟಲಿಗೆ 25.0, ನಾರಿನದಕ್ಕೆ 19.2 ಬಂತು ಅನ್ನಿ. ವ್ಯತ್ಯಾಸ 5.8. ಅದನ್ನು 0.1ರಿಂದ ಗುಣಿಸಿ, ನಾಲ್ಕು ಪಟ್ಟು ಮಾಡಿ, 0.5ರಿಂದ ಭಾಗಿಸಿದರೆ 4.64.

ಆ ಖಾಲಿ ಬಾಟಲಿ ಯಾಕೆ ಅಂತ ಹುಡುಗರು ಕೇಳುತ್ತಾರೆ. ಕಾಸ್ಟಿಕ್ ಸೋಡಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಫಿನಾಫ್ತಲೀನ್ ಬಣ್ಣ ಹೋಗುವ ಹೊತ್ತಿಗೆ ಕಾರ್ಬೊನೇಟ್ ಅರ್ಧ ದಾರಿ ಮಾತ್ರ ನಡೆದಿರುತ್ತದೆ. ಹಾಗಾಗಿ ಆಮ್ಲ ಕಡಿಮೆ ಖರ್ಚಾಗಿ, ಕ್ಷಾರವನ್ನು ನಾರೇ ತಿಂದಿತು ಅನಿಸುತ್ತದೆ. ಸಾಮರ್ಥ್ಯ ಲೆಕ್ಕಕ್ಕಿಂತ ಜಾಸ್ತಿ ಬಂದಾಗ ಮೊದಲು ಮುಚ್ಚಳ ನೋಡಿ. ಮುಚ್ಚಳ ಸರಿಯಿದ್ದರೆ, ಹಿಂದಿನ ಆಮ್ಲ ನಾರಿನಲ್ಲಿ ಉಳಿದಿರಬಹುದು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟಾಗ ಬೆಳ್ಳಗಾಗುವುದು ನಿಲ್ಲುವ ತನಕ ತೊಳೆಯಬೇಕು.

ಗ್ರಾಫ್ಟಿಂಗ್ ಕಡಿಮೆ ಇರುವ ಬಟ್ಟೆ ನೀರಿನ ಮೇಲೆ ತೇಲುತ್ತದೆ, ಎಳೆಗಳ ನಡುವೆ ಗಾಳಿ ಹಿಡಿದುಕೊಂಡಿರುತ್ತದೆ. ಮೊದಲು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಅದ್ದಿ, ನೀರಿನಲ್ಲಿ ಜಾಲಾಡಿ, ಆಮೇಲೆ ಹಾಕಿ.

ಗ್ರಾಫ್ಟಿಂಗೇ ಏರದಿದ್ದರೆ

ಇಲ್ಲಿ ಒಂದೇ ಕೊನೆಯ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಬಟ್ಟೆಯನ್ನು ಐದಾರು ಸಣ್ಣ ಚೂರು ಮಾಡಿ ದಾರ ಕಟ್ಟಿ ಇಳಿಬಿಡಿ, ಅರ್ಧ ಗಂಟೆಗೊಂದು ತೆಗೆದು ತೊಳೆದು ತೂಗಿ. ಸಮಯಕ್ಕೆ ತೂಕ ಹೇಗೆ ಏರಿತು ಅನ್ನುವ ಗೆರೆಯೇ ರೋಗದ ಹೆಸರು ಹೇಳುತ್ತದೆ.

ಮೊದಲ ಒಂದು ಗಂಟೆ ಏನೂ ಇಲ್ಲ, ಆಮೇಲೆ ಜೋರಾಗಿ ಏರಿತು ಅಂದರೆ ಆಮ್ಲಜನಕ ಅಥವಾ ಇನ್ಹಿಬಿಟರ್ ತಡೆದಿದೆ. ಇನ್ಹಿಬಿಟರ್ ಅಂದರೆ ಬಾಟಲಿಯಲ್ಲೇ ಪಾಲಿಮರ್ ಆಗದಿರಲಿ ಅಂತ ಕಂಪನಿಯವರು ಹಾಕಿ ಕಳಿಸುವ ಮೀಥಾಕ್ಸಿ ಫಿನಾಲ್. ಸಾಮಾನ್ಯವಾಗಿ ಆಮ್ಲಜನಕವೇ ಕಳ್ಳ. ನೈಟ್ರೋಜನ್ ನಳಿಕೆ ದ್ರಾವಣದ ತಳ ಮುಟ್ಟಿದೆಯಾ, ಬಿಸಿ ಮಾಡುವ ಮುಂಚೆ ಅರ್ಧ ಗಂಟೆಯಾದರೂ ಗುಳ್ಳೆ ಬಿಟ್ಟಿರಾ, ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ನಮ್ಮ ಬೇಸಿಗೆಗೆ ರಬ್ಬರ್ ಪೈಪ್ ಒಂದು ವರ್ಷ ಬಾಳಿದರೆ ಪುಣ್ಯ.

ಶುರುವಿನಿಂದಲೇ ಏರುತ್ತದೆ, ಆದರೆ ಬೇಗ ಸಪಾಟಾಗಿ ನಿಂತುಬಿಡುತ್ತದೆ, ದ್ರಾವಣ ಮಾತ್ರ ತಿಳಿಯಾಗಿಯೇ ಇದೆ ಅಂದರೆ ನಾರಿನಲ್ಲಿ ಪೆರಾಕ್ಸೈಡ್ ಕಡಿಮೆ. ಡೋಸ್ ಕಡಿಮೆ ಇರಬಹುದು, ಇಲ್ಲವೇ ಬಟ್ಟೆ ಬಿಸಿಲಲ್ಲಿ ಬಂದಿರಬಹುದು. ವಿಕಿರಣ ಕೊಟ್ಟ ಬಟ್ಟೆಯನ್ನು ತಣ್ಣಗಿಡಬೇಕು, ಸಾಧ್ಯವಾದರೆ ಫ್ರೀಜರ್‌ನಲ್ಲಿ. ಸೋಲಾಪುರ ದಾಟಿ ಬರುವ ಬಸ್ಸಿನ ಡಿಕ್ಕಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಎಷ್ಟು ಶಾಖ ಇರುತ್ತದೆ ಅಂತ ಊಹಿಸಿಕೊಳ್ಳಿ. ನಾವು ಈಗ ಐಸ್ ಪ್ಯಾಕ್ ಹಾಕಿದ ಥರ್ಮೋಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೇ ತರಿಸುತ್ತೇವೆ, ಡಬ್ಬಿ ಮೇಲೆ ವಿಕಿರಣ ಕೊಟ್ಟ ತಾರೀಖು ಬರೆಸುತ್ತೇವೆ.

ಚೆನ್ನಾಗಿ ಏರುತ್ತಾ ಇದ್ದದ್ದು ಥಟ್ಟನೆ ನಿಂತು, ದ್ರಾವಣ ಜೋಳದ ಅಂಬಲಿ ಥರ ಗಟ್ಟಿಯಾಯಿತು ಅಂದರೆ ಮೊನೊಮರ್ (ಇನ್ನೂ ಸರಪಳಿ ಆಗದ ಅಕ್ರಿಲಿಕ್ ಆಮ್ಲ) ಎಲ್ಲ ನಾರು ಬಿಟ್ಟು ಹೊರಗೇ ಪಾಲಿಮರ್ ಆಗಿದೆ. ಇದನ್ನು ತಡೆಯಲೆಂದೇ ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಹಾಕುವುದು. ಪೆರಾಕ್ಸೈಡ್ ಬರೀ ಶಾಖಕ್ಕೆ ಒಡೆದರೆ ಎರಡು ಚೂರೂ ಸರಪಳಿ ಹುಟ್ಟಿಸುವ ಚುರುಕು ಚೂರು, ಅಂದರೆ ರ‍್ಯಾಡಿಕಲ್. ಒಂದು ನಾರಿನ ಮೇಲೆ ಉಳಿಯುತ್ತದೆ, ಇನ್ನೊಂದು ದ್ರಾವಣಕ್ಕೆ ಹಾರಿ ಅಲ್ಲಿ ಸರಪಳಿ ಶುರು ಮಾಡುತ್ತದೆ. ಫೆರಸ್ ಕಬ್ಬಿಣ ಇದ್ದರೆ ಆ ಹಾರುವ ಚೂರು ಸುಮ್ನೆ ಹೈಡ್ರಾಕ್ಸೈಡ್ ಅಯಾನ್ ಆಗಿಬಿಡುತ್ತದೆ. ಆದರೆ ಸಾಲ್ಟ್ ಹೊಸದಿರಬೇಕು. ತಿಳಿ ಹಸಿರು ಇದ್ದರೆ ಸರಿ. ಕಂದು ತಿರುಗಿದ್ದರೆ ಫೆರಸ್ ಎಲ್ಲ ಫೆರಿಕ್ ಆಗಿದೆ, ಬಿಸಾಡಿ. ಹೆದರಿಕೊಂಡು ಜಾಸ್ತಿ ಸುರಿದರೆ ಗ್ರಾಫ್ಟಿಂಗ್ ಕೂಡ ಸಾಯುತ್ತದೆ. ನಾವು ಶೇಕಡ 0.1ರಿಂದ ಶುರು ಮಾಡಿ 0.05ರಂತೆ ಏರಿಸಿ ನೋಡುತ್ತೇವೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಅಕ್ರಿಲಿಕ್ ಆಮ್ಲ 13 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತದೆ. ಫ್ರಿಜ್‌ನಲ್ಲಿಟ್ಟು ಗಟ್ಟಿಯಾಯಿತು ಅಂತ ಬಿಸಿನೀರಿಗೆ ಇಳಿಬಿಡಬೇಡಿ. ಮೊದಲು ಕರಗಿದ ಭಾಗಕ್ಕೂ ಉಳಿದದ್ದಕ್ಕೂ ಇನ್ಹಿಬಿಟರ್ ಸಮನಾಗಿ ಹಂಚಿಕೆಯಾಗಿರುವುದಿಲ್ಲ, ಬಾಟಲಿಯೇ ಸಿಡಿಯಬಹುದು. ಕೋಣೆಯ ಶಾಖದಲ್ಲಿ ನಿಧಾನ ಕರಗಲಿ, ಆಮೇಲೆ ಚೆನ್ನಾಗಿ ಕಲಕಿ. ಬಾಟಲಿಯೊಳಗೆ ನೈಟ್ರೋಜನ್ ತುಂಬಿಡುವ ಬುದ್ಧಿವಂತಿಕೆಯೂ ಬೇಡ, ಆ ಇನ್ಹಿಬಿಟರ್ ಕೆಲಸ ಮಾಡಲು ಗಾಳಿಯ ಆಮ್ಲಜನಕ ಬೇಕು.

ಬಣ್ಣ, ಕಲೆ, ಮುರಿತ

ಬಟ್ಟೆ ತೆಳು ತುಕ್ಕಿನ ಬಣ್ಣಕ್ಕೆ ತಿರುಗಿದರೆ ಮೋರ್ಸ್ ಸಾಲ್ಟಿನ ಕಬ್ಬಿಣ ನಾರಿನಲ್ಲಿ ಕೂತಿದೆ. ಅದೂ ಕ್ಯಾಲ್ಸಿಯಂ ಹಾಗೆಯೇ ಜಾಗ ತಿನ್ನುತ್ತದೆ, ಆದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆಕ್ಸಾಲಿಕ್ ಆಮ್ಲದಲ್ಲಿ ನೆನೆಸಿ, ಆಮೇಲೆ ಹೈಡ್ರೋಕ್ಲೋರಿಕ್‌ನಲ್ಲಿ. ಈ ಕೊನೆಯ ಆಮ್ಲಕ್ಕೆ ಥಯೋಸಯನೇಟ್ ಹನಿ ಬಿಟ್ಟಾಗ ಕೆಂಪಾಗದಿದ್ದರೆ ಮುಗಿಯಿತು.

ಒಂದೇ ಬಟ್ಟೆಯ ಎರಡು ತುದಿಯಲ್ಲಿ ಬೇರೆ ಬೇರೆ ಸಾಮರ್ಥ್ಯ ಬಂದರೆ ಚೂರೊಂದನ್ನು ಸೋಡಿಯಂ ರೂಪಕ್ಕೆ ತಂದು ಮೆಥಿಲೀನ್ ಬ್ಲೂನಲ್ಲಿ ಅದ್ದಿ. ಗ್ರಾಫ್ಟ್ ಆದ ಕಡೆ ಗಾಢ ನೀಲಿ, ಆಗದ ಕಡೆ ಬಿಳಿ. ನಾವು ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಫ್ಲಾಸ್ಕಿಗೆ ತುರುಕಿದ್ದೆವು, ಬಿಚ್ಚಿದಾಗ ನಡುವೆ ಪಟ್ಟೆ ಪಟ್ಟೆ. ಇಳಕಲ್ಲಿನಿಂದ ಬಂದಿದ್ದ ಪರಿಚಯದವರೊಬ್ಬರು, ಮನೆತನದಿಂದ ನೂಲಿಗೆ ಬಣ್ಣ ಹಾಕುವವರು, ಒಂದು ಎಳೆಯನ್ನು ಬ್ಲೇಡಿನಿಂದ ಅಡ್ಡ ಕುಯ್ಯಿಸಿ ಮೈಕ್ರೊಸ್ಕೋಪಿನಲ್ಲಿ ನೋಡಿ, ‘ಹೊರಗಷ್ಟ ಬಣ್ಣ ಕುಡದೈತ್ರಿ ಸರ, ಒಳಗ ಬೆಳ್ಳಗ ಐತಿ’ ಅಂದರು. ಸರಿಯಾಗಿಯೇ ಹೇಳಿದರು. ಗ್ರಾಫ್ಟಿಂಗ್ ಎಳೆಯ ಮೈಯಿಂದ ಶುರುವಾಗಿ, ಆ ಪದರ ಉಬ್ಬಿ ಮೊನೊಮರ್‌ಗೆ ದಾರಿ ಕೊಟ್ಟ ಮೇಲೆ ಒಳಗೆ ಇಳಿಯುತ್ತದೆ. ಎಲ್ಲ ಎಳೆಯಲ್ಲೂ ಉಂಗುರದಂತೆ ಸಮನಾಗಿದ್ದರೆ ಚಿಂತೆ ಇಲ್ಲ. ಪಟ್ಟೆ ಇದ್ದರೆ ಬಟ್ಟೆ ಸಡಿಲ ಬಿಡಿ.

ಬಟ್ಟೆ ಹಪ್ಪಳದ ಹಾಗೆ ಮುರಿಯುತ್ತಿದ್ದರೆ, ಗ್ರಾಫ್ಟ್ ಮಾಡದ, ವಿಕಿರಣ ಮಾತ್ರ ತಿಂದ ಚೂರನ್ನೂ ಮಡಚಿ ನೋಡಿ. ಅದೂ ಮುರಿದರೆ ಡೋಸ್ ಜಾಸ್ತಿಯಾಗಿದೆ. ಪಾಲಿಥೀನ್ ವಿಕಿರಣಕ್ಕೆ ಹೆಚ್ಚಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ತುಂಡಾಗುತ್ತದೆ, ಅದೂ ವಿಕಿರಣ ನಿಲ್ಲಿಸಿದ ಮೇಲೂ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಧಾನ ತುಂಡಾಗುತ್ತಲೇ ಇರುತ್ತದೆ. ಆ ಚೂರು ಗಟ್ಟಿಯಿದ್ದು ಗ್ರಾಫ್ಟ್ ಆದದ್ದು ಮಾತ್ರ ಮುರಿದರೆ ಗ್ರಾಫ್ಟಿಂಗ್ ಅತಿಯಾಗಿದೆ. ಶೇಕಡ 150 ಏರಿಸಿ ಹೆಮ್ಮೆಪಟ್ಟ ಬಟ್ಟೆಯೊಂದು ನಮ್ಮ ಕಾಲಂನಲ್ಲಿ (ನಾರು ತುಂಬಿ ನೀರು ಹಾಯಿಸುವ ಕೊಳವೆ) ಮೂರನೇ ಸಲಕ್ಕೆ ಪುಡಿಯಾಯಿತು. ಈಗ 50–60ಕ್ಕೆ ನಿಲ್ಲಿಸುತ್ತೇವೆ.

ಕಾಲಂನಲ್ಲಿ

ಬಾಟಲಿಯಲ್ಲಿ 4.5 ಕೊಟ್ಟ ನಾರು ಕಾಲಂನಲ್ಲಿ ಬೇಗ ಕೈಕೊಟ್ಟರೆ ನಾರನ್ನು ಬೈಯಬೇಡಿ, ತುಂಬಿದ್ದು ಸರಿಯಿಲ್ಲ. ನೀರು ಗೋಡೆ ಪಕ್ಕದ ಸಂದಿಯಲ್ಲಿ ಜಾರಿಹೋಗುತ್ತಿರುತ್ತದೆ. ಮೆಥಿಲೀನ್ ಬ್ಲೂ ತೆಳುವಾಗಿ ಬಿಟ್ಟು ನೋಡಿ, ನೀಲಿ ಒಂದೇ ಕಡೆ ಗೆರೆಯಾಗಿ ಇಳಿದರೆ ಅದೇ ಸಂದಿ. ಬಟ್ಟೆಯನ್ನು ಕಾಲಂ ಅಳತೆಗಿಂತ ಒಂದು ನೂಲು ದೊಡ್ಡದಾಗಿ ಬಿಲ್ಲೆ ಕತ್ತರಿಸಿ, ಒದ್ದೆ ಇರುವಾಗಲೇ ಒಂದರ ಮೇಲೊಂದು ಒತ್ತಿ. ಸೋಡಿಯಂ ರೂಪದಲ್ಲಿ ನಾರು ಉಬ್ಬುತ್ತದೆ, ಆಮ್ಲ ಹಾಕಿದಾಗ ಕುಗ್ಗುತ್ತದೆ. ಉಬ್ಬಿದ ರೂಪದಲ್ಲಿ ತುಂಬಿದರೆ ಆಮ್ಲ ಬಿಟ್ಟ ಕೂಡಲೇ ಸಂದಿ ಬೀಳುತ್ತದೆ, ಕುಗ್ಗಿದ ರೂಪದಲ್ಲಿ ಬಿಗಿಯಾಗಿ ತುಂಬಿದರೆ ಕ್ಷಾರ ಬಿಟ್ಟಾಗ ನೀರೇ ಇಳಿಯುವುದಿಲ್ಲ. ನಾವು ಕುಗ್ಗಿದ ರೂಪದಲ್ಲೇ ತುಂಬಿ, ಮೇಲಿನ ಜಾಲರಿಯನ್ನು ಸ್ಪ್ರಿಂಗ್ ಮೇಲೆ ಕೂರಿಸಿದ್ದೇವೆ.

ಸುತ್ತಿನಿಂದ ಸುತ್ತಿಗೆ ಸಾಮರ್ಥ್ಯ ಇಳಿಯುತ್ತಿದ್ದರೆ ನಾರು ಹೊರತೆಗೆದು ಆಮ್ಲರೂಪಕ್ಕೆ ತಂದು ಒಣಗಿಸಿ ತೂಗಿ. ತೂಕ ಕಡಿಮೆಯಾಗಿದ್ದರೆ ಎಳೆಯೇ ಸವೆದು ಹೋಗುತ್ತಿದೆ. ತೂಕ ಮೊದಲಿನಷ್ಟೇ ಇದ್ದರೆ, ಇಲ್ಲವೇ ಒಂದಿಷ್ಟು ಜಾಸ್ತಿಯಾಗಿದ್ದರೆ, ಆಮ್ಲಕ್ಕೂ ಬಿಡದ ಕಬ್ಬಿಣ ಒಳಗಿದೆ, ಮತ್ತೆ ಆಕ್ಸಾಲಿಕ್ ಬಾಟಲಿ ತೆಗೆಯಿರಿ.